ಇಲ್ಲಿ ಯಾರೂ ಇಲ್ಲ

ಬೆಳಿಗ್ಗೆ ಅಮ್ಮನಿಗೆ ಉತ್ತರ ಕೊಟ್ಟದ್ದು ತನ್ನ ಯಾವ ಧ್ವನಿ ಎನ್ನುವುದು ಬಸ್ಸು ಹತ್ತಿ ಕೂತ ಮೇಲೂ ಅವಳಿಗೆ ಬಗೆಹರಿಯಲಿಲ್ಲ. ಅಮ್ಮ ಕೇಳಿದ್ದು ದಿನವೂ ಕೇಳುವಂಥದೇ. ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, "ಬೀರುವಿನ ಮೇಲೆ ಮಕ್ಕಳು ಕೂತಿವೆಯೇನೆ?" ಎಂದಿದ್ದಳು. ಮಂಚದ ಕೆಳಗೆ ಅಮ್ಮನ ಚಪ್ಪಲಿಗಾಗಿ ತಡಕಾಡುತ್ತಿದ್ದ ಅವಳು ತಲೆಯೆತ್ತದೆಯೇ "ಇಲ್ಲಮ್ಮ, ಯಾರೂ ಇಲ್ಲ" ಎಂದಿದ್ದಳು. ಅಷ್ಟೇ. ಆದರೆ ಆ ಮಾತು ಹೊರಬಿದ್ದ ರೀತಿ, ಆ ಮೆತ್ತಗಿನ ಇಳಿತ, 'ಇಲ್ಲ' ಎನ್ನುವಲ್ಲಿ ಒತ್ತನ್ನು ಕೂದಲೆಳೆಯಷ್ಟು ಸಡಿಲಬಿಟ್ಟು ಕೊನೆಗೆ ಒಂದು ಚೂರು ನಗು ಬೆರೆಸಿದ್ದು, ಇದೆಲ್ಲ ಹಿಂದಿನ ದಿನ ಸ್ಟುಡಿಯೋದಲ್ಲಿ ಮಧ್ಯಾಹ್ನವಿಡೀ ತಿದ್ದಿ ತೀಡಿ ಕೂರಿಸಿದ್ದು. ಅಮ್ಮ ನಂಬಿ ತಲೆಯಾಡಿಸಿದ್ದಳು. ನಂಬಬೇಕಾದದ್ದೇ, ಬೀರುವಿನ ಮೇಲೆ ಹಳೆಯ ಸೂಟ್‌ಕೇಸು ಬಿಟ್ಟರೆ ನಿಜಕ್ಕೂ ಏನೂ ಇರಲಿಲ್ಲ. ಹೇಳಿದ್ದು ಸತ್ಯವೇ ಆದರೂ ಸುಳ್ಳಿನ ಧ್ವನಿಯಲ್ಲಿ ಹೇಳಿದರೆ ಅದು ಏನಾಗುತ್ತದೆ ಎಂದು ಯೋಚಿಸುತ್ತ ಅವಳು ಇಳಿಯಬೇಕಾದ ನಿಲ್ದಾಣ ದಾಟಿಹೋದಳು. ವಾಪಸು ನಡೆದು ಬರುವಾಗ ಬಿಸಿಲಿಗೆ ಹೊಳೆಯುತ್ತಿದ್ದ ಅಂಗಡಿಯ ಗಾಜಿನಲ್ಲಿ ಯಾರೋ ತನ್ನ ಹಿಂದೆಯೇ ಬಂದಂತಾಗಿ ತಿರುಗಿ ನೋಡಿದಳು. ಅವರವರ ಪಾಡಿಗೆ ಅವರವರು ನಡೆಯುತ್ತಿದ್ದರು.

ಅಮ್ಮನ ನೋಟದ ನಟ್ಟನಡುವೆ ಕಪ್ಪು ಕಲೆಯೊಂದು ಹರಡಿಕೊಂಡು ವರ್ಷಗಳಾಗಿದ್ದವು. ಎದುರಿಗಿದ್ದದ್ದು ಕಾಣದು, ಅಂಚಿನಲ್ಲಿದ್ದದ್ದು ಮಸುಕು ಮಸುಕಾಗಿ ಕಾಣುತ್ತದೆ. ಹಾಗಾಗಿ ಯಾರನ್ನಾದರೂ ನೋಡಬೇಕೆಂದರೆ ಅಮ್ಮ ಅವರ ಮೇಲೆ ಮುನಿಸಿಕೊಂಡವಳಂತೆ ಮುಖ ತಿರುಗಿಸುತ್ತಾಳೆ. ಆ ಕಲೆ ದೊಡ್ಡದಾದ ಮೇಲೆ ಇಲ್ಲದವರು ಬರತೊಡಗಿದರು. ಗೋಡೆಯ ತುಂಬ ಇಟ್ಟಿಗೆಯ ನಕ್ಷೆ, ಆಮೇಲೆ ಉದ್ದ ಕೋಟಿನ ಗಂಡಸರ ಸಾಲು, ಅಂಗೈ ಅಗಲದ ಮಕ್ಕಳು. ಅಮ್ಮ ಮೊದಮೊದಲು ಹೆದರಿ ಬಾಯಿಬಿಟ್ಟಿರಲೇ ಇಲ್ಲ. ತನಗೆ ಹುಚ್ಚು ಹಿಡಿಯುತ್ತಿದೆ ಎಂದುಕೊಂಡು, ಮಗಳಿಗೆ ಗೊತ್ತಾಗದಂತೆ ಆ ಗಂಡಸರ ಪಕ್ಕದಲ್ಲೇ ಕೂತು ಊಟ ಮಾಡಿದ್ದಳಂತೆ. ಕಣ್ಣಿನ ಡಾಕ್ಟರು ನಕ್ಕು ಧೈರ್ಯ ಹೇಳಿದ್ದರು. "ಇದು ಹುಚ್ಚಲ್ಲಮ್ಮ. ಕಣ್ಣಿಂದ ಚಿತ್ರ ಬರೋದು ನಿಂತಾಗ ಮಿದುಳು ಸುಮ್ಮನೆ ಕೂರಲ್ಲ, ತಾನೇ ಬರಕೊಳ್ಳುತ್ತೆ. ಇವರು ಯಾರೂ ಮಾತಾಡಲ್ಲ. ಅನುಮಾನ ಬಂದ್ರೆ ಕೈ ಚಾಚಿ ಮುಟ್ಟಿ ನೋಡಿ. ಇಲ್ಲ ಮಗಳನ್ನ ಕೇಳಿ." ಆಮೇಲೆ ಅವಳ ಕಡೆ ತಿರುಗಿ, "ಇದ್ದದ್ದು ಇದೆ, ಇಲ್ಲದ್ದು ಇಲ್ಲ ಅಂತ ನೇರವಾಗಿ ಹೇಳಿಬಿಡಿ. ಅವರಿಗೆ ಈಗ ನೀವೇ ಕಣ್ಣು" ಎಂದಿದ್ದರು. ಆ ಮಾತಿಗೆ ಅವಳು ಒಳಗೊಳಗೇ ಉಬ್ಬಿದ್ದಳು. ಆಸ್ಪತ್ರೆಯ ಲಿಫ್ಟಿನಲ್ಲಿ ಇಳಿಯುವಾಗ 'ಬಾಗಿಲು ಮುಚ್ಚುತ್ತಿದೆ' ಎಂದದ್ದು ಅವಳದೇ ಧ್ವನಿ, ಯಾವುದೋ ಕಾಲದಲ್ಲಿ ಓದಿಕೊಟ್ಟದ್ದು. ಅಮ್ಮ ಅವಳ ತೋಳು ಒತ್ತಿ, "ಇಲ್ಲೂ ಇದೀಯಲ್ಲೇ ನೀನು" ಎಂದು ಪಕ್ಕದವರಿಗೆಲ್ಲ ಕೇಳುವಂತೆ ಹೇಳಿದ್ದಳು. ಜೊತೆಗಿದ್ದವರು ಅವಳನ್ನೂ ಲಿಫ್ಟಿನ ಸೂರನ್ನೂ ನೋಡಿ, ನಂಬದೆ, ಮತ್ತೆ ತಮ್ಮ ತಮ್ಮ ಫೋನಿಗೆ ತಲೆ ತಗ್ಗಿಸಿದ್ದರು.

ಸ್ಟುಡಿಯೋ ಒಂದು ಪೀಠೋಪಕರಣದ ಅಂಗಡಿಯ ನೆಲಮಾಳಿಗೆಯಲ್ಲಿತ್ತು. ಒಳಗಿನ ಗಾಜಿನ ಕೋಣೆಯಲ್ಲಿ ಮೈಕು, ಅವಳು. ಗಾಜಿನಾಚೆ ಸೌಂಡಿನವನು ಮತ್ತು ಎಲ್ಲರೂ ಮೇಷ್ಟ್ರು ಎಂದು ಕರೆಯುವ ನಿರ್ದೇಶಕ. ಅವನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ, ಯಾರ ಉಚ್ಚಾರವನ್ನೂ ತಿದ್ದದೆ ಬಿಡುವವನಲ್ಲ ಎಂದು ಬಂದ ಹೆಸರು ಅದು. ಅವರು ಮಾಡುತ್ತಿದ್ದದ್ದು ಒಂದು ವಿಡಿಯೋ ಗೇಮು. ಅವಳು ಇಂಥದನ್ನು ಆಡಿದವಳಲ್ಲ, ಮೇಷ್ಟ್ರು ಕಥೆ ಬಿಡಿಸಿ ಹೇಳಿದ್ದರಿಂದ ಗೊತ್ತಿತ್ತು. ಆಟದ ಊರಿನಲ್ಲಿ ಗಾಳಿ ಕೆಟ್ಟಿದೆ. ಬೆಳಕಿಗೆ ಕಣ್ಣು ಸುಡುತ್ತದೆ ಎಂದು ಆಡಳಿತದವರು ಪ್ರತಿಯೊಬ್ಬರಿಗೂ ಅರ್ಧ ಮುಖ ಮುಚ್ಚುವ ಕನ್ನಡಕ ತೊಡಿಸಿದ್ದಾರೆ. ಅದರೊಳಗೆ ಕಾಣುವುದು ಅವರು ಕಳಿಸುವ ಚಿತ್ರ. ಕಿವಿಯಲ್ಲಿ ಒಂದು ಹೆಂಗಸಿನ ಧ್ವನಿ ದಾರಿ ತೋರಿಸುತ್ತಿರುತ್ತದೆ. ಆಟ ಆಡುವವನು ತಪಾಸಣೆಯ ನೌಕರ. ಕೆಡವಬೇಕಾದ ಮನೆಗಳಿಗೆ ಹೋಗಿ, ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು, ಬಾಗಿಲಿಗೆ ಬಿಳಿಯ ಗುರುತು ಹಾಕುವುದು ಅವನ ಕೆಲಸ. ಸಂಜೆ ಯಂತ್ರ ಬಂದು ಗುರುತಿದ್ದ ಮನೆಗಳನ್ನು ನೆಲಸಮ ಮಾಡುತ್ತದೆ. ಪ್ರತಿ ಮನೆಯಲ್ಲೂ ಧ್ವನಿ ಹೇಳುವುದು ಒಂದೇ: ಇಲ್ಲಿ ಯಾರೂ ಇಲ್ಲ, ನಡಿ. ಆದರೆ ಒಂದು ಮನೆಯಲ್ಲಿ ಲೋಟದ ಮೇಲೆ ಇನ್ನೂ ಆವಿ ಆಡುತ್ತಿರುತ್ತದೆ. ಇನ್ನೊಂದರಲ್ಲಿ ದಿಂಬಿನ ತಗ್ಗು ನೋಡುನೋಡುತ್ತಲೇ ಮೇಲೇಳುತ್ತದೆ. ಧೈರ್ಯವಿದ್ದವನು ಒಂದು ಕ್ಷಣ ಕನ್ನಡಕ ಎತ್ತಬಹುದು. ಎತ್ತಿದರೆ ಕಣ್ಣು ಸುಡುತ್ತದೆ. ಸುಟ್ಟ ಕಣ್ಣಿಗೆ ಮೂಲೆಯಲ್ಲಿ ಯಾರೋ ಕೂತ ಹಾಗೆ ಕಂಡರೆ ಅದು ಮನುಷ್ಯನೋ ಉರಿಗೆ ಎದ್ದ ನೆರಳೋ ಹೇಳುವಂತಿಲ್ಲ. "ಎರಡನ್ನೂ ನಂಬೋ ಹಾಗಿಲ್ಲ, ಅದೇ ಮಜಾ" ಎಂದು ಮೇಷ್ಟ್ರು ಕೈ ಉಜ್ಜಿಕೊಂಡಿದ್ದ. ಆ ಧ್ವನಿಗೆ ಇಲ್ಲಿಯವರು ಇಟ್ಟುಕೊಂಡ ಹೆಸರು 'ಅಕ್ಕ'.

ನಿನ್ನೆ ಎಷ್ಟು ಸಲ ಹೇಳಿದರೂ ಅಕ್ಕ ಬಂದಿರಲಿಲ್ಲ. "ಮೇಡಂ, ನೀವು ಸುಳ್ಳು ಹೇಳ್ತಿದೀರ ಅಂತ ಗೊತ್ತಾಗ್ತಿದೆ" ಎಂದ ಮೇಷ್ಟ್ರು. "ಸುಳ್ಳೇ ಅಲ್ವಾ ಸರ್?" ಎಂದಳು ಅವಳು. "ನಮಗೆ ಸುಳ್ಳು. ಅಕ್ಕನಿಗಲ್ಲ. ಅವಳಿಗೆ ಇವನ ಮೇಲೆ ಅಕ್ಕರೆ. ಯಾರಾದ್ರೂ ಕಣ್ಣಿಗೆ ಬಿದ್ರೆ ಪಾಪ ಇವನ ನಿದ್ದೆ ಹೋಗುತ್ತೆ, ಕೆಲಸ ಹೋಗುತ್ತೆ. ಅದಕ್ಕೇ ಇಲ್ಲ ಅಂತಾಳೆ. ಮಗು ಬಿದ್ದಾಗ ಏನೂ ಆಗಿಲ್ಲ ಏಳು ಅಂತೀವಲ್ಲ, ಆ ಥರ. ಮನೇಲಿ ಮಕ್ಕಳಿಗೆ ಹೇಳಲ್ವಾ?" ಸೌಂಡಿನವನು ಮೇಷ್ಟ್ರ ಕಾಲು ತುಳಿದದ್ದು ಗಾಜಿನಾಚೆಯಿಂದ ಕಾಣಿಸಿತು. ಅವಳಿಗೆ ಮಕ್ಕಳಿಲ್ಲವೆಂದು ನೆನಪಾಗಿ ಮೇಷ್ಟ್ರ ಮುಖ ಸಣ್ಣದಾಯಿತು. ಅವನು ಪೇಚಾಡಿಕೊಳ್ಳುವುದನ್ನು ನೋಡಲಾರದೆ ಅವಳೇ, "ನಮ್ಮ ತಾಯಿಗೆ ಹೇಳೋ ಥರ ಹೇಳ್ಲಾ ಸರ್? ಅವರಿಗೆ ಕಣ್ಣು ಕಾಣಲ್ಲ" ಎಂದಿದ್ದಳು. ಹೇಳಿದಳು. ಸೌಂಡಿನವನು ಹೆಬ್ಬೆರಳೆತ್ತಿದ. ಮನೆಯಲ್ಲಿ ಒಬ್ಬಳಿಗೆಂದು ಇಟ್ಟಿದ್ದ ಯಾವುದನ್ನೋ ಕದ್ದು ತಂದು ಬಜಾರಿನಲ್ಲಿ ಹರಡಿದಂತೆ ಅವಳಿಗೆ ಅನಿಸಿತ್ತು. ಅದನ್ನು ಇವತ್ತು ಬೆಳಿಗ್ಗೆ ವಾಪಸು ಒಯ್ದು ಅಮ್ಮನಿಗೇ ಕೊಟ್ಟಳಲ್ಲ, ಯಾರ್ಯಾರದೋ ಕೈಯಾಡಿ ಹೊಳಪು ಬಂದದ್ದನ್ನು.

ಇವತ್ತಿನದು ಆಟದ ಕೊನೆಯ ಮನೆ. "ಇದು ಇವನ ಸ್ವಂತ ಮನೆ ಮೇಡಂ. ಆದ್ರೆ ಕನ್ನಡಕದಲ್ಲಿ ಬೇರೆ ಥರ ಕಾಣೋದ್ರಿಂದ ಗುರುತು ಸಿಕ್ಕಲ್ಲ. ಒಳಗೆ ಇವನವರೇ ಯಾರೋ ಕೂತಿದಾರೆ. ಅಕ್ಕ ಎಂದಿನ ಹಾಗೇ ಹೇಳ್ತಾಳೆ" ಎಂದ ಮೇಷ್ಟ್ರು. ಅವಳು ಮೈಕಿನ ಮುಂದೆ ಬಾಯಿ ತೆರೆದಳು. ಅಷ್ಟರಲ್ಲಿ ಸೌಂಡಿನವನು ಕೈ ಎತ್ತಿ ತಡೆದ. "ನಿಮ್ಮ ಫೋನು ಗುರುಗುಡ್ತಿದೆ ಮೇಡಂ, ಮೈಕಿಗೆ ಬೀಳ್ತಿದೆ." ಚೀಲದೊಳಗಿಂದ ತೆಗೆದಳು. ಪರದೆಯ ಮೇಲೆ 'ಬ್ಯಾಂಕ್' ಎಂದಿತ್ತು. ಅದು ಅಣ್ಣನ ನಂಬರು. ಮೊದಲ ಸಲ ಅವನು ಫೋನು ಮಾಡಿದಾಗ ಅಮ್ಮ ಪಕ್ಕದಲ್ಲೇ ಕೂತಿದ್ದಳು. "ಯಾರದೇ ಫೋನು?" ಎಂದು ಕೇಳಿದ್ದಕ್ಕೆ ಬಾಯಿಗೆ ಬಂದದ್ದು ಬ್ಯಾಂಕಿನವರು ಎಂದು. ಹೇಳಿದ ಮೇಲೆ ಹಾಗೆಯೇ ಬರೆದಿಟ್ಟುಕೊಂಡಿದ್ದಳು. ಆಮೇಲೆ ಅವನು ಮಾಡಿದಾಗಲೆಲ್ಲ ಅಮ್ಮ ಮಲಗಿರುತ್ತಿದ್ದಳು, ಸ್ನಾನಕ್ಕೆ ಹೋಗಿರುತ್ತಿದ್ದಳು, ಗಂಟಲು ಕಟ್ಟಿ ಮಾತಾಡಲಾರದವಳಾಗಿರುತ್ತಿದ್ದಳು. ಅವನು "ಸರಿ, ಆಮೇಲೆ ಮಾಡ್ತೀನಿ" ಎನ್ನುತ್ತಿದ್ದ. ಅವನು ಯಾವತ್ತೂ ಹಠ ಮಾಡಲಿಲ್ಲ ಎನ್ನುವುದೇ ಅವಳಿಗೆ ಹೆಚ್ಚು ಸಿಟ್ಟು ತರಿಸುತ್ತಿತ್ತು. ಫೋನನ್ನು ಪೂರ್ತಿ ಆರಿಸಿ ಚೀಲದ ತಳಕ್ಕೆ ಹಾಕಿದಳು. ಮೈಕಿಗೆ ಬಂದು, "ಇಲ್ಲಿ ಯಾರೂ ಇಲ್ಲ, ನಡಿ" ಎಂದಳು. ಒಂದೇ ಸಲಕ್ಕೆ ಓಕೆ ಆಯಿತು. ಮೇಷ್ಟ್ರು ಕಿವಿಯ ಮೇಲಿಂದ ಹೆಡ್‌ಫೋನು ಸರಿಸಿ, "ಭಯ ಆಯ್ತು ಮೇಡಂ ನಂಗೆ" ಎಂದ, ಹೊಗಳಿಕೆಯ ಹಾಗೆ.

ಅಣ್ಣ ಮನೆ ಬಿಟ್ಟದ್ದು ಅಪ್ಪ ತೀರಿಕೊಂಡ ವರ್ಷ. ಆಸ್ಪತ್ರೆಯಲ್ಲಿ ಅಪ್ಪನ ಹತ್ತಿರ ಕೂರುವ ಸರದಿ ಅವನದಾಗಿತ್ತು. ಅಪ್ಪನಿಗೆ ನಿದ್ದೆ ಹತ್ತಿದೆ ಎಂದು ಅವನು ಟೀ ಕುಡಿಯಲು ಕೆಳಗಿಳಿದಿದ್ದ, ಮೇಲೆ ಬರುವುದರೊಳಗೆ ನರ್ಸು ಪರದೆ ಎಳೆದಾಗಿತ್ತು. ಅವಳೂ ಅಮ್ಮನೂ ಓಡೋಡಿ ಬಂದಾಗ ಅವನು ಕಾರಿಡಾರಿನ ಬೆಂಚಿನ ಮೇಲೆ, ಕೈಯಲ್ಲಿ ಅಪ್ಪನಿಗೆಂದು ತಂದ ಬನ್ನಿನ ಪೊಟ್ಟಣ ಹಿಡಿದು ಕೂತಿದ್ದ. ಅಮ್ಮ ಅವನ ಮುಂದೆ ನಿಂತಳು. ಅವನನ್ನು ಏನೂ ಕೇಳಲಿಲ್ಲ. ಇವಳ ಕಡೆ ತಿರುಗಿ, "ನೀನು ಎಲ್ಲಿ ಹೋಗಿದ್ದೆ?" ಎಂದಳು. ಹಿಂದಿನ ಎರಡು ರಾತ್ರಿ ಅಲ್ಲೇ ಕಣ್ಣು ಮುಚ್ಚದೆ ಕೂತಿದ್ದವಳನ್ನು, ಸ್ನಾನ ಮಾಡಿ ಬರಲೆಂದು ಅಮ್ಮ ತಾನೇ ಒತ್ತಾಯ ಮಾಡಿ ಮನೆಗೆ ಕರೆದುಕೊಂಡು ಹೋಗಿದ್ದವಳನ್ನು. ಅಮ್ಮನಿಗೆ ಆ ಮಾತು ಆ ಕ್ಷಣವೇ ಮರೆತಿರಬೇಕು. ಅವಳಿಗೆ ಮರೆಯಲಿಲ್ಲ. ಅಣ್ಣ ಆ ಬೆಂಚಿನ ಮೇಲಿಂದ ಎದ್ದವನು ನಿಜವಾಗಿ ಮನೆಗೆ ಬರಲೇ ಇಲ್ಲ ಎನ್ನಬೇಕು. ದೇಹ ಕೆಲವು ತಿಂಗಳು ಓಡಾಡಿಕೊಂಡಿತ್ತು. ಆಮೇಲೆ ದೂರದ ಊರಿನಲ್ಲಿ ಕೆಲಸ ಹುಡುಕಿಕೊಂಡು ಹೋದ. ಬಸ್ಸಿನ ಕಿಟಕಿಗೆ ತಲೆ ಆನಿಸಿ ಅವಳು ಇದನ್ನೆಲ್ಲ ಹೊಸದಾಗಿ ಯೋಚಿಸುತ್ತಿದ್ದೇನೆ ಎಂದುಕೊಂಡಳು. ಹೊಸದೇನೂ ಇರಲಿಲ್ಲ, ದಿನವೂ ಈ ತಿರುವಿಗೆ ಬರುವ ಹೊತ್ತಿಗೆ ಆಸ್ಪತ್ರೆಯ ಬೆಂಚು ಬರುತ್ತಿತ್ತು.

ಮನೆಯ ಮೆಟ್ಟಿಲು ಹತ್ತುವಾಗ ಮೇಲಿನ ಮಹಡಿಯ ತಿರುವಿನಲ್ಲಿ ಎರಡು ಬೂಟು ಕಾಣಿಸಿದವು, ಆಮೇಲೆ ಮೊಣಕಾಲು, ಆಮೇಲೆ ಅಣ್ಣ. ಮೆಟ್ಟಿಲ ಮೇಲೆಯೇ ಕೂತಿದ್ದ. ಕೂದಲು ಬಹಳ ಹೋಗಿತ್ತು. ಎದ್ದು ನಿಂತು ಪ್ಯಾಂಟಿನ ಹಿಂಭಾಗ ಕೊಡವಿಕೊಂಡ.

"ಎಷ್ಟು ಹೊತ್ತಾಯ್ತು ಬಂದು?" ಎಂದಳು. ಬೇರೆ ಏನು ಕೇಳಬಹುದಿತ್ತು ಎಂದು ಆಮೇಲೂ ಹೊಳೆಯಲಿಲ್ಲ.

"ಆಯ್ತು ಒಂದಷ್ಟು. ಫೋನು ಮಾಡಿದೆ, ಆಫ್ ಅಂತ ಬಂತು. ಬೆಲ್ ಮಾಡಿದೆ. ಒಳಗೆ ರೇಡಿಯೋ ಹಾಡ್ತಿತ್ತು, ಸಣ್ಣ ಮಾಡಿದಳು. ಬಾಗಿಲ ಹತ್ತಿರ ಬಂದು ನಿಂತಳು ಅನ್ಸುತ್ತೆ. ಉಸಿರು ಕೇಳಿಸ್ತು."

"ಯಾರು ಬಂದ್ರೂ ಮಾತಾಡಬೇಡ ಅಂತ ನಾನೇ ಹೇಳಿದೀನಿ. ಬೀಗ ಬೇರೆ ಹಾಕಿರ್ತೀನಿ. ಒಂದು ಸಲ ಯಾರೋ ಕರೆದ ಹಾಗಾಯ್ತು ಅಂತ ರಸ್ತೆಗೆ ಹೋಗಿಬಿಟ್ಟಿದ್ದಳು."

"ಸರಿ ಬಿಡು. ಬೀಗ ನೋಡಿದೆ."

"ಅಮ್ಮ ಅಂತ ಒಂದು ಸಲ ಕೂಗಬಹುದಿತ್ತಲ್ಲ ನೀನು."

"ಬಾಯಿ ಬರಲಿಲ್ಲ" ಎಂದ.

ಬೀಗ ತೆಗೆದಳು. ಅಮ್ಮ ಒಳಕೋಣೆಯಲ್ಲಿ ಮಲಗಿ ನಿದ್ದೆಹೋಗಿದ್ದಳು, ರೇಡಿಯೋ ಅವಳ ಹೊಟ್ಟೆಯ ಮೇಲೆ ಪಿಸುಗುಡುತ್ತಿತ್ತು. ಅವಳು ಅಣ್ಣನಿಗೆ ಕಿಟಕಿಯ ಹತ್ತಿರದ ಕುರ್ಚಿ ತೋರಿಸಿ ಮೆಲ್ಲಗೆ ಹೇಳಿದಳು: "ಒಂದೇ ಸಲಕ್ಕೆ ಬೇಡ. ಎದ್ದಮೇಲೆ ಮೊದಲು ನಾನು ಹೇಳ್ತೀನಿ. ಆಮೇಲೆ ನೀನು ಮಾತಾಡು. ಅಲ್ಲೀವರೆಗೆ ಸುಮ್ಮನಿರು." ಹಾಗೆ ಹೇಳುವಾಗ ಅವಳ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. ಇರಲಿಲ್ಲ ಎಂದೇ ಅವಳು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಅವನು ಕುರ್ಚಿಯ ತುದಿಯಲ್ಲಿ ಕೂತ. ಗೋಡೆಯ ಮೇಲಿನ ಅಪ್ಪನ ಫೋಟೋ ಮೊದಲು ಇದ್ದ ಜಾಗದಲ್ಲಿ ಇಲ್ಲದ್ದನ್ನು ಗಮನಿಸಿ, ಅದನ್ನು ಹುಡುಕಿ, ಬೇರೆ ಗೋಡೆಯ ಮೇಲೆ ಕಂಡಮೇಲೆ ತಲೆ ತಗ್ಗಿಸಿದ. ಅವಳು ಟೀಗೆ ನೀರಿಟ್ಟಳು. ನೀರು ಕುದಿಯುವುದನ್ನು ನೋಡುತ್ತ ನಿಂತಾಗ ಅಮ್ಮ ಎದ್ದು ಅವನ ಕೊರಳು ತಬ್ಬಿ ಅಳುವುದು ಅವಳ ಕಣ್ಣಿಗೆ ಕಟ್ಟಿತು. ಅಮ್ಮ ಅವನ ತಲೆ ಸವರುವುದು, ಬೋಳು ಕೈಗೆ ತಾಗಿ ನಗುವುದು, ಮುಟ್ಟಿ ಮುಟ್ಟಿ ನೋಡುವುದು. ಸಂಜೆ ಇಡೀ ತಾನು ಟೀ ಲೋಟ ಹಿಡಿದು ಒಳಗೆ ಹೊರಗೆ ಓಡಾಡುವುದು. ನಾಳೆ ಬೀರುವಿನ ಮೇಲೆ ಮಕ್ಕಳು ಬಂದರೆ ಅಮ್ಮ ಯಾರನ್ನು ಕೇಳುತ್ತಾಳೆ ಎನ್ನುವ ಯೋಚನೆ ಎಲ್ಲಿಂದಲೋ ಬಂದು, ಹೋಗದೆ ನಿಂತಿತು.

ಚಪ್ಪಲಿಯ ಸದ್ದು. ಅಮ್ಮ ಗೋಡೆ ಸವರಿಕೊಂಡು ನಡುಮನೆಗೆ ಬಂದಿದ್ದಳು. "ಬಂದೆಯೇನೆ?"

"ಹ್ಞೂಂ, ಈಗ ಬಂದೆ."

ಅಮ್ಮ ಎರಡು ಹೆಜ್ಜೆ ಇಟ್ಟು ತಟ್ಟನೆ ನಿಂತಳು. ಮುಖವನ್ನು ಮೆಲ್ಲಗೆ ಅಡಿಗೆಮನೆಯ ಕಡೆ ತಿರುಗಿಸಿದಳು. ಅವಳಿಗೆ ಗೊತ್ತಿತ್ತು, ಅಮ್ಮ ತನ್ನನ್ನು ನೋಡುತ್ತಿಲ್ಲ. ಕಣ್ಣಂಚಿನಲ್ಲಿ ಕಿಟಕಿಯನ್ನು ನೋಡುತ್ತಿದ್ದಾಳೆ.

"ಕುರ್ಚೀಲಿ ಯಾರೋ ಕೂತಿದಾರಲ್ಲೇ."

ಎರಡು ಲೋಟ ಹಿಡಿದು ಅವಳು ಬಾಗಿಲಲ್ಲಿ ನಿಂತಿದ್ದಳು. ಅಣ್ಣ ಎದ್ದೇಳಲು ಕುರ್ಚಿಯ ಕೈಗೆ ಅಂಗೈ ಊರಿದ್ದ. ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು: ಅಮ್ಮಾ, ಯಾರು ಬಂದಿದಾರೆ ನೋಡು. ಬದಲಿಗೆ ಅವಳು ಕೇಳಿಸಿಕೊಂಡದ್ದು ಒಂದು ಮೆತ್ತಗಿನ, ನಗು ಬೆರೆತ, ಎಲ್ಲೂ ತೊಡರದ ಧ್ವನಿ.

"ಇಲ್ಲಮ್ಮ. ಯಾರೂ ಇಲ್ಲ."

ಅಮ್ಮ ಉಸಿರುಬಿಟ್ಟಳು. "ಮತ್ತೆ ಶುರುವಾಯ್ತು ಇವರದು" ಎಂದು ನಕ್ಕಳು. ಮೊದಲಿನ ಹೆದರಿಕೆ ಅವಳಿಗೆ ಈಗ ಇರಲಿಲ್ಲ. ಬಂದವರನ್ನು ನೋಡಿ ವರ್ಣಿಸುವುದೇ ಅವಳಿಗೊಂದು ಹೊತ್ತು ಕಳೆಯುವ ದಾರಿಯಾಗಿತ್ತು. "ಆದ್ರೆ ಇವನು ಪರವಾಗಿಲ್ಲ ಕಣೆ. ನಿನ್ನೆ ಬಂದೋರಿಗೆ ಮುಖಾನೇ ಇರಲಿಲ್ಲ. ಇವನು ನೋಡು, ಇಂಟರ್‌ವ್ಯೂಗೆ ಬಂದೋನ ಥರ ತುದೀಲಿ ಕೂತಿದಾನೆ. ಬೂಟು ಬೇರೆ ಹಾಕಿದಾನೆ, ಒಳಗೆ." ಇನ್ನೂ ಸ್ವಲ್ಪ ಮುಖ ತಿರುಗಿಸಿದಳು. ನಗು ಸಣ್ಣದಾಯಿತು. "ಕಿವಿ ನಿಮ್ಮಪ್ಪನ ಕಿವಿ ಥರ ಇದೆ. ನಮ್ಮ ದೊಡ್ಡವನ ಥರಾನೇ ಇದಾನಲ್ಲೇ."

ಈಗಲೂ ಹೇಳಬಹುದಿತ್ತು, ತಮಾಷೆ ಮಾಡಿದೆ ಅಮ್ಮ, ಅವನೇ ಬಂದಿದಾನೆ ಎಂದರೆ ಮುಗಿದುಹೋಗುತ್ತಿತ್ತು. ಲೋಟದ ಬಿಸಿ ಬೆರಳು ಸುಡುತ್ತಿತ್ತು.

"ಅಲ್ಲ, ಆದ್ರೆ ಇವನಿಗೆ ವಯಸ್ಸಾಗಿದೆ" ಎಂದಳು ಅಮ್ಮ. "ನಮ್ಮೋನಿಗೆ ಇಷ್ಟು ಎಲ್ಲಿ ವಯಸ್ಸಾಗಿರುತ್ತೆ." ಆಮೇಲೆ, ಬೀದಿಯ ಮಗುವನ್ನು ಮಾತಾಡಿಸುವಂತೆ ಕುರ್ಚಿಯ ಕಡೆಗೆ, "ಏನಪ್ಪ, ಮಾತಾಡಲ್ವಾ? ಡಾಕ್ಟರು ಹೇಳಿದಾರೆ, ನೀವು ಯಾರೂ ಮಾತಾಡೋರಲ್ಲವಂತೆ" ಎಂದಳು. ಆಟಕ್ಕೆ ಕೇಳಿದವಳು ಉತ್ತರಕ್ಕಾಗಿ ನಿಜವಾಗಿಯೂ ಕಾಯುತ್ತಿದ್ದಳೇನೋ. ಅಣ್ಣ ತಂಗಿಯ ಮುಖ ನೋಡಿದ, ಚಿಕ್ಕಂದಿನಲ್ಲಿ ಏನಾದರೂ ತಿನ್ನುವ ಮೊದಲು ದೊಡ್ಡವರ ಮುಖ ನೋಡುತ್ತಿದ್ದನಲ್ಲ, ಹಾಗೆ. ಅವಳು ಅವನನ್ನೇ ನೋಡುತ್ತಿದ್ದಳು. ತಾನು ತಲೆಯಾಡಿಸಿದೆನೋ ಇಲ್ಲವೋ ಎನ್ನುವುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಅಮ್ಮ ಕೈ ಚಾಚಿದಳು. ಅದು ಅಭ್ಯಾಸ. ಯಾರು ಕಂಡರೂ ಒಮ್ಮೆ ಮುಟ್ಟಿ, ಗಾಳಿಯೇ ಎಂದು ಗೊತ್ತಾದ ಮೇಲೆ ಅವಳು ನೆಮ್ಮದಿಯಾಗಿ ಮುಂದಿನ ಕೆಲಸಕ್ಕೆ ಹೋಗುತ್ತಾಳೆ. ಸುಕ್ಕಾದ ಬೆರಳುಗಳನ್ನು ಅಗಲಿಸಿಕೊಂಡು, ಮುಖ ನೇರ ಮಾಡಿ ಕುರ್ಚಿಯ ಕಡೆಗೆ ಹೆಜ್ಜೆ ಇಟ್ಟಳು. ಅಣ್ಣ ಆಗ ಎದ್ದ. ಸದ್ದಾಗದಂತೆ ಎದ್ದು, ಗೋಡೆಗೆ ಬೆನ್ನು ಹಚ್ಚಿ, ಹೊಟ್ಟೆ ಒಳಗೆ ಎಳೆದುಕೊಂಡು, ಉಸಿರು ಬಿಗಿಹಿಡಿದು ನಿಂತ. ಅಮ್ಮನ ಕೈ ಅವನ ಅಂಗಿಯ ಗುಂಡಿಯ ಮುಂದಿಂದ ಹಾದುಹೋಯಿತು. ಒಂದು ಬೆರಳಿನ ಅಂತರವಿತ್ತು. ಕೈ ಕುರ್ಚಿಯ ಬೆನ್ನಿಗೆ ತಾಗಿತು, ಸೀಟಿಗೆ ಇಳಿಯಿತು, ಅಲ್ಲಿ ಒಂದು ಸಲ ಸವರಿತು.

"ಸರಿ, ಇಲ್ಲ" ಎಂದು ಅಮ್ಮ ಅದೇ ಕುರ್ಚಿಯ ಮೇಲೆ ಕೂತಳು. "ಟೀ ಕೊಡೆ."

ಅವಳು ಅಮ್ಮನ ಕೈಗೆ ಲೋಟ ಕೊಟ್ಟಳು. ಇನ್ನೊಂದು ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ನಿಂತಳು. ಅಣ್ಣ ಗೋಡೆಯ ಗುಂಟ ಸರಿದು ಬಾಗಿಲು ದಾಟಿದ. ಅಮ್ಮ ಸುರ್ರೆಂದು ಟೀ ಹೀರುವ ಸದ್ದಿನಲ್ಲಿ ಅವನ ಬೂಟಿನ ಸದ್ದು ಕೇಳಲಿಲ್ಲ.

"ಕಸ ಹಾಕಿ ಬರ್ತೀನಮ್ಮ" ಎಂದು ಅವಳು ಅವನ ಹಿಂದೆ ಓಡಿದಳು. ಅವನು ಕೆಳಗಿನ ತಿರುವಿನಲ್ಲಿ ಮೆಟ್ಟಿಲ ಕಟಕಟೆಗೆ ಒರಗಿ ನಿಂತಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳ ಹತ್ತಿರ ಅದಕ್ಕೆ ಉತ್ತರವಿತ್ತು, ವರ್ಷಗಟ್ಟಲೆ ಕೂಡಿಟ್ಟದ್ದು.

"ಚೆನ್ನಾಗಿ ಹೇಳ್ತೀಯ ನೀನು" ಎಂದ. "ಒಂದು ಗಳಿಗೆ ನಾನೇ ನಂಬಿಬಿಟ್ಟೆ."

"ನೀನು ಯಾಕೆ ಸುಮ್ಮನಿದ್ದೆ? ಒಂದು ಮಾತು ಸಾಕಾಗಿತ್ತು."

"ನೀನು ಬೇಡ ಅಂತ ತಲೆ ಆಡಿಸಿದೆಯಲ್ಲ."

"ನಾನು ಆಡಿಸಲಿಲ್ಲ."

"ಆಡಿಸಿದೆ." ಜಗಳದ ಧ್ವನಿಯಲ್ಲ. ಬೆಳಿಗ್ಗೆ ಮಳೆ ಬಂತೋ ಇಲ್ಲವೋ ಎಂದು ಮಾತಾಡಿಕೊಳ್ಳುವವರಂತೆ. ಅವನು ಕಟಕಟೆಯ ಧೂಳನ್ನು ಬೆರಳಿನಿಂದ ಒರೆಸಿದ. "ಹೋಗ್ಲಿ ಬಿಡು. ಅವಳು ಕೈ ಚಾಚಿದಾಗ ಸರಿದವನು ನಾನು. ಅದನ್ನ ನೀನು ಹೇಳಿಕೊಡಲಿಲ್ಲ."

"ನಾಳೆ ಬಾ ಅಣ್ಣ. ಅಮ್ಮನ್ನ ಇವತ್ತೇ ಕೂರಿಸಿಕೊಂಡು ಎಲ್ಲ ಹೇಳ್ತೀನಿ."

ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಇಳಿದುಕೊಂಡಿದ್ದೇನೆ ಎಂದ. ಅವಳ ಕೈಯಲ್ಲಿ ಇನ್ನೂ ಇದ್ದ ಲೋಟವನ್ನು ನೋಡಿ, ಇಸಿದುಕೊಂಡು, ಆರಿದ ಟೀಯನ್ನು ನಿಂತಲ್ಲೇ ಕುಡಿದು ವಾಪಸು ಕೊಟ್ಟ. ಮೆಟ್ಟಿಲು ಇಳಿದು ಹೋದ.

ಆ ರಾತ್ರಿ ಅವಳು ಹೇಳಲಿಲ್ಲ. ನಾಳೆ ಅವನು ಬಂದಾಗ ಎದುರಿಗೇ ಹೇಳಿದರಾಯಿತು, ಈಗ ಹೇಳಿದರೆ ಅಮ್ಮನಿಗೆ ನಿದ್ದೆ ಹತ್ತುವುದಿಲ್ಲ ಎಂದುಕೊಂಡಳು. ಮಾರನೆಯ ದಿನ ಸ್ಟುಡಿಯೋಕ್ಕೆ ಬರುವುದಿಲ್ಲ ಎಂದು ತಿಳಿಸಿ ಮನೆಯಲ್ಲೇ ಉಳಿದಳು, ಬೀಗ ಹಾಕಲಿಲ್ಲ, ಬಾಗಿಲು ಅರೆ ತೆರೆದೇ ಇಟ್ಟಳು. ಬೆಲ್ ಆದದ್ದು ಒಮ್ಮೆ, ನೀರಿನ ಕ್ಯಾನು ತಂದವನದು. ಸಂಜೆ ಫೋನು ಮಾಡಿದಳು. ನೀವು ಕರೆ ಮಾಡಿದ ಚಂದಾದಾರರು ಸದ್ಯಕ್ಕೆ ಸಂಪರ್ಕದಲ್ಲಿಲ್ಲ ಎಂದು ಒಂದು ಹೆಂಗಸಿನ ಧ್ವನಿ ಹೇಳಿತು. ಅದು ತನ್ನದಲ್ಲ, ಯಾರೋ ಬೇರೆಯವಳದು ಎಂದು ಖಾತ್ರಿ ಮಾಡಿಕೊಳ್ಳಲು ಮತ್ತೆ ಮತ್ತೆ ಕೇಳಿದಳು. ಲಾಡ್ಜಿಗೆ ಹೋದಳು. ಮೇಜಿನ ಹಿಂದಿನ ಮುದುಕ, "ಬೆಳಿಗ್ಗೆನೇ ಖಾಲಿ ಮಾಡಿದ್ರಲ್ಲಮ್ಮ" ಎಂದ. ಏನಾದರೂ ಹೇಳಿ ಹೋದರಾ ಎಂದು ಕೇಳಿದಳು. "ಹೇಳೋ ಪೈಕಿ ಅಲ್ಲ ಅವರು. ಇದ್ದಿದ್ದೇ ಗೊತ್ತಾಗಲಿಲ್ಲ" ಎಂದು ಅವನು ಒಳ್ಳೆಯ ಗಿರಾಕಿಯನ್ನು ಮೆಚ್ಚಿಕೊಳ್ಳುವಂತೆ ಹೇಳಿದ.

ಆಟದ ಕೆಲಸ ಮುಗಿಯಿತು. ಮೇಷ್ಟ್ರು ಕೈಮುಗಿದು, ಅಕ್ಕನಿಂದಲೇ ಆಟಕ್ಕೆ ಜೀವ ಬಂತು ಎಂದ. ಅವಳಿಗೆ ಬೇರೆ ಕೆಲಸ ಸಿಕ್ಕಿತು, ಔಷಧದ ಅಂಗಡಿಗಳ ಜಾಹೀರಾತು. ಮನೆಯಲ್ಲಿ ಅಮ್ಮ ಎಂದಿನಂತೆ ಕೇಳುತ್ತಿದ್ದಳು, ಅವಳು ಹೇಳುತ್ತಿದ್ದಳು. ಆದರೆ ಈಗ 'ಇಲ್ಲ' ಎನ್ನುವ ಮೊದಲು ಅವಳು ತಾನೇ ಒಮ್ಮೆ ತಿರುಗಿ ನೋಡುತ್ತಿದ್ದಳು. ಬೀರುವಿನ ಮೇಲೆ, ಪರದೆಯ ಹಿಂದೆ, ಕುರ್ಚಿಯಲ್ಲಿ. ಕೆಲವು ಸಲ ಎರಡೆರಡು ಬಾರಿ ನೋಡುತ್ತಿದ್ದಳು. ಉತ್ತರ ತಡವಾಗುವುದನ್ನು ಅಮ್ಮ ಗಮನಿಸುತ್ತಿದ್ದಳು. ಮಧ್ಯಾಹ್ನ ಅಮ್ಮ ಮಲಗಿ ತಾನೊಬ್ಬಳೇ ಎಚ್ಚರವಿರುವಾಗ ಅವಳು ಆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಒಂದು ದಿನ ಒಗೆದ ಬಟ್ಟೆ ತಂದು ಅದರ ಮೇಲೆ ರಾಶಿ ಹಾಕಲು ಹೋದವಳು, "ಸ್ವಲ್ಪ ಏಳು" ಎನ್ನುವ ಮಾತು ತುಟಿಯವರೆಗೆ ಬಂದು ನಿಂತುಬಿಟ್ಟಳು.

ಕಡೆಗೆ ಅಮ್ಮನೇ ಆ ಮಾತು ತೆಗೆದಳು. ಇಬ್ಬರೂ ಕಿಟಕಿಯ ಹತ್ತಿರ ಕೂತಿದ್ದರು, ಅವಳು ಅಮ್ಮನ ಉಗುರು ಕತ್ತರಿಸುತ್ತಿದ್ದಳು. "ಎಲ್ಲರೂ ಮತ್ತೆ ಮತ್ತೆ ಬರ್ತಾರೆ. ಆ ಮಕ್ಕಳು ಬರ್ತವೆ, ಕೋಟಿನೋರು ಬರ್ತಾರೆ. ಅವತ್ತು ಬೂಟು ಹಾಕ್ಕೊಂಡು ಬಂದಿದ್ನಲ್ಲ, ಅವನೊಬ್ಬ ಮತ್ತೆ ಬರಲೇ ಇಲ್ಲ ನೋಡು" ಎಂದಳು ಅಮ್ಮ. "ಅವನು ಸ್ವಲ್ಪ ಇಷ್ಟ ಆಗಿದ್ದ ನಂಗೆ."

ಅವಳು ಕತ್ತರಿ ಕೆಳಗಿಟ್ಟಳು. ಹೇಳಿದಳು. ನಡುವೆ ನಿಂತರೆ ಮತ್ತೆ ಶುರುಮಾಡಲಾರೆ ಎಂದು ಒಂದೇ ಉಸಿರಿಗೆ, ಯಾವ ಇಳಿತವೂ ಒತ್ತೂ ಇಲ್ಲದ, ಒರಟಾದ, ನಡುನಡುವೆ ಒಡೆಯುತ್ತಿದ್ದ ತನ್ನ ಧ್ವನಿಯಲ್ಲಿ ಹೇಳಿದಳು. ಅವತ್ತು ಕುರ್ಚಿಯಲ್ಲಿ ಇದ್ದದ್ದು ಅಣ್ಣನೇ, ಅವನು ಮೆಟ್ಟಿಲ ಮೇಲೆ ಕಾದಿದ್ದ, ನಾನೇ ಒಳಗೆ ಕರೆದೆ, ನಾನೇ ಇಲ್ಲ ಎಂದೆ. ಬ್ಯಾಂಕಿನವರು ಎಂದದ್ದೂ ಅವನನ್ನೇ. ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು. ಅಮ್ಮ ಬೈಯಲಿ ಎಂದು ಕಾದಳು. ನೀನು ಎಲ್ಲಿ ಹೋಗಿದ್ದೆ ಎಂದು ಅವತ್ತು ಕೇಳಿದಂತೆ ಇವತ್ತೂ ಏನಾದರೂ ಕೇಳಲಿ, ಇವತ್ತು ಅದಕ್ಕೆ ನ್ಯಾಯವಿದೆ ಎಂದುಕೊಂಡಳು.

ಅಮ್ಮ ಬಹಳ ಹೊತ್ತು ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಅವಳನ್ನು ನೋಡಿದಳು.

"ಇಲ್ಲ ಕಣೆ" ಎಂದಳು. ಮೆತ್ತಗೆ ಹೇಳಿದಳು. "ಯಾರೂ ಇರಲಿಲ್ಲ. ನೀನೇ ಹೇಳಿದೆಯಲ್ಲ. ನಾನೂ ಕೈ ಚಾಚಿ ನೋಡಿದೆ."

"ಇದ್ದ ಅಮ್ಮ. ಗೋಡೆಗೆ ಒತ್ತಿಕೊಂಡು ನಿಂತಿದ್ದ. ನಿನ್ನ ಕೈ ತಪ್ಪಿಸಿಕೊಂಡ."

"ನನ್ನ ಮಗ ನನ್ನ ಕೈ ಯಾಕೆ ತಪ್ಪಿಸಿಕೊಳ್ತಾನೆ?" ಅಮ್ಮನ ಧ್ವನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಇದ್ದದ್ದು ಗಾಬರಿ, ಅದೂ ಮಗಳ ಬಗ್ಗೆ. ಅವಳು ಎರಡೂ ಕೈ ಎತ್ತಿ ಮಗಳ ಮುಖ ಹುಡುಕಿದಳು, ಕೆನ್ನೆಯ ಒದ್ದೆ ಮುಟ್ಟಿದಳು, ಹೆಬ್ಬೆರಳುಗಳನ್ನು ಅವಳ ಮುಚ್ಚಿದ ರೆಪ್ಪೆಗಳ ಮೇಲೆ ಮೆಲ್ಲಗೆ ಇಟ್ಟಳು.

"ಯಾವಾಗಿಂದ ಹೀಗೆ? ನಾನೂ ನೋಡ್ತಾನೇ ಇದೀನಿ, ಏನು ಕೇಳಿದ್ರೂ ತಡವಾಗಿ ಹೇಳ್ತೀಯ. ನಂಗೂ ಮೊದಲು ಹೀಗೇ ಆಗಿದ್ದು, ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದೆ. ಹೆದರಬೇಡ. ನಾಳೆ ಆ ಡಾಕ್ಟರ ಹತ್ತಿರ ಹೋಗೋಣ" ಎಂದಳು ಅಮ್ಮ, "ಇಬ್ಬರೂ."